ಸರಲತೈಲದ ಸಾಕ್ಷಿ

ಮಣಿಮಂಗಲಪುರದ ರಾಜಬೀದಿಯಲ್ಲಿ ಅಂದು ಗೋಪುರದಿಂದ ಗೋಪುರಕ್ಕೆ ತೋರಣಗಳು ತೂಗುತ್ತಿದ್ದವು. ಪಟ್ಟದಾನೆಯ ಹಣೆಯಲ್ಲಿ ಕೇಸರಿ ಮಿನುಗುತ್ತಿತ್ತು. ಮನೆಮನೆಯ ಜಗಲಿಯಿಂದ ಧೂಪದ ಹೊಗೆ ಏಳುತ್ತಿತ್ತು. ಯುವರಾಜ ನನ್ನಿಗನ ಪಟ್ಟಾಭಿಷೇಕಕ್ಕಾಗಿ ಈ ಸೌರಭವೆಂದು ವಂದಿಮಾಗಧರು ಹಾಡಿದರು. ಅರಮನೆಯ ಹಿಂದಿನ ಕಂದಕ ವರ್ಷಗಳಿಂದ ನಾರುತ್ತಿದ್ದುದನ್ನೂ, ಹೂಳೆತ್ತಿಸುವ ಬದಲು ಧೂಪ ಹಾಕಿಸುವುದೇ ಸುಲಭವೆಂದು ಪ್ರಧಾನ ಚಾವರಸ ಕಂಡುಕೊಂಡಿದ್ದುದನ್ನೂ ಅವರು ಹಾಡಲಿಲ್ಲ.

ಈ ಚಾವರಸನೆಂಬ ಮಹಾನುಭಾವನಿಗೆ ರಾಜ್ಯದಲ್ಲಿದ್ದ ಕಾರ್ಯಗಳು ಎರಡು: ತನಗೆ ಬಾಗಿದ ಬೆನ್ನುಗಳನ್ನು ನೋಡಿ ಹಿಗ್ಗುವುದು, ಮೀಸೆ ತಿರುವುವುದು. ಯುವರಾಜನಿಗೆ ಬುದ್ಧಿಯಿದೆಯೆಂಬ ಒಂದೇ ಅಪರಾಧಕ್ಕಾಗಿ ಅವನನ್ನು ತಪ್ಪಿಸಿ, ನಿದ್ರಾಪ್ರಿಯನಾದ ಚಿಕ್ಕಪ್ಪ ಕಂಚರಸನನ್ನು ಗದ್ದುಗೆಗೇರಿಸಬೇಕೆಂದು ಅವನು ಬಯಸಿದ್ದನು.

ಆ ವಂಶದಲ್ಲಿ ಒಂದು ಕಟ್ಟಳೆಯಿತ್ತು. ಚರ್ಮರೋಗವುಳ್ಳವನು ಸಿಂಹಾಸನಕ್ಕೆ ಅನರ್ಹ. ಪಟ್ಟದ ಹಿಂದಿನ ದಿನಗಳಲ್ಲಿ ಯುವರಾಜನಿಗೆ ಸರಲತೈಲವನ್ನು ಲೇಪಿಸುವ ಪದ್ಧತಿಯೂ ಇತ್ತು. ಹಿಮವಂತದ ಕಡೆಯಲ್ಲಿ ಬೆಳೆಯುವ, ಸೂಜಿಯಂಥ ಎಲೆಗಳ ಸರಲವೃಕ್ಷದ ಅಂಟಿನಿಂದ ತೆಗೆದ ಸುಗಂಧತೈಲವದು. ಈ ಬಾರಿ ಲೇಪನವಾದ ಮರುದಿನವೇ ಯುವರಾಜನ ಹಣೆ, ಕೊರಳುಗಳಲ್ಲಿ ಕೆಂಪು ದದ್ದುಗಳೆದ್ದವು.

“ಕುಷ್ಠದ ಲಕ್ಷಣ!” ಎಂದು ಚಾವರಸ ಗೋಳಾಡಿದನು. ರಾಜವೈದ್ಯನು ರೋಗಿಯ ಮುಖವನ್ನು ನೋಡದೆ ಪ್ರಧಾನನ ಮುಖವನ್ನು ನೋಡಿ ತಲೆಯಾಡಿಸಿದನು. ಅಂಥವರಿಗೆ ನಾಡಿ ಸಿಗುವುದೇ ಅಲ್ಲಿ.

ಅನಂತರ ಚಾವರಸನು ಗಂಧಶಾಲೆಯ ಅಧ್ಯಕ್ಷೆ ಬಾಚಿಯಬ್ಬೆಯಲ್ಲಿಗೆ ಬಂದನು. ನೆಗಡಿಯೆಂದು ಉತ್ತರೀಯದಿಂದ ಬಾಯಿ ಮುಚ್ಚಿಕೊಂಡಿದ್ದನು.

“ಬಾಚಿಯಬ್ಬೆ, ನಾಳಿನ ಸಭೆಯಲ್ಲಿ ರೋಗವೆಂದು ಒಪ್ಪಿದರೆ ನಿಮ್ಮ ಪದವಿ ಉಳಿಯುವುದು. ತೈಲದ ದೋಷವೆಂದರೆ ರಾಜದ್ರೋಹವಾಗುವುದು, ತಲೆ ಉಳಿಯದು. ಜಾಣೆಗೆ ಹೆಚ್ಚು ಹೇಳಬೇಕೆ?”

“ಬೇಡ. ನೀವು ಹೇಳಿದ್ದೇ ಹೆಚ್ಚಾಯಿತು. ಅತ್ತ ಸರಿದು ನಿಲ್ಲಿ, ಪ್ರಧಾನರೇ, ನೀವು ಪೂಸಿಕೊಂಡ ಪುನುಗು ನನ್ನ ಗಂಧಗಳನ್ನು ಕೆಡಿಸುತ್ತಿದೆ” ಎಂದಳು ಬಾಚಿಯಬ್ಬೆ. ಆಕೆಗೆ ವಿನಯವೆಂಬುದು ಹುಟ್ಟಿನಿಂದಲೂ ಇರಲಿಲ್ಲ. ಆ ಆಸ್ಥಾನದಲ್ಲಿ ಅದರಿಂದ ನಷ್ಟವೇನೂ ಆಗಿರಲಿಲ್ಲ.

ಅವನು ಹೋದೊಡನೆ ಯುವರಾಜನ ತೈಲಪಾತ್ರೆಯನ್ನು ತರಿಸಿ ಮೂಸಿದಳು. ಮುಖ ಗಂಟಿಕ್ಕಿತು. ಅದರಿಂದ ಒಂದು ಬೊಟ್ಟನ್ನು ಬಲದೋಳಿಗೆ ಹಚ್ಚಿಕೊಂಡಳು.

ಮರುದಿನ ತುಂಬಿದ ಸಭೆಯಲ್ಲಿ ರಾಜಮಾತೆ ಪದ್ಮಲದೇವಿಯು, “ಸತ್ಯವನ್ನು ನುಡಿಯಿರಿ. ನನ್ನ ಮಗನಿಗೆ ರೋಗವೋ?” ಎಂದು ಕೇಳಿದಳು.

“ಅಲ್ಲ, ಮಹಾದೇವಿ. ತೈಲ” ಎಂದಳು ಬಾಚಿಯಬ್ಬೆ.

ಚಾವರಸ ಹಿಗ್ಗಿದನು. “ತಪ್ಪೊಪ್ಪಿಗೆ! ಭಟರೇ, ಹಿಡಿಯಿರಿ!”

“ತಾಳಿ. ಅರಸರ ಮೈಗೆ ಹೋಗುವ ತೈಲವು ಮೊದಲು ನನ್ನ ತೋಳಿನಲ್ಲಿ ಒಂದು ಹಗಲು, ಒಂದು ಇರುಳು ಇರಬೇಕೆಂಬುದು ಗಂಧಶಾಲೆಯ ನಿಯಮ. ನಾನು ಕಳುಹಿಸಿದ ತೈಲವನ್ನು ಹಚ್ಚಿದ್ದ ಎಡದೋಳು ಇದು.” ಆ ತೋಳು ನಿರ್ಮಲವಾಗಿತ್ತು. “ಯುವರಾಜರ ಪಾತ್ರೆಯಲ್ಲಿ ಸಿಕ್ಕಿದ್ದನ್ನು ಹಚ್ಚಿದ ಬಲದೋಳು ಇದು.” ಅದರಲ್ಲಿ ಕೆಂಡದಂಥ ದದ್ದುಗಳೆದ್ದಿದ್ದವು. “ಸರಲತೈಲವನ್ನು ಬಿಗಿಮುಚ್ಚಳದ ಗಡಿಗೆಯಲ್ಲಿ ಕತ್ತಲಲ್ಲಿಡಬೇಕು, ಎಳ್ಳೆಣ್ಣೆಯಲ್ಲಿ ಕೆಲವೇ ಹನಿ ಬೆರೆಸಬೇಕು. ಗಾಳಿ ಬಿಸಿಲು ತಾಗಿ ಹಳಸಿದರೆ ಚರ್ಮವನ್ನು ಕೆರಳಿಸುತ್ತದೆ. ಹಳಸಿದ್ದನ್ನು ನಾವು ಪಂಜಿಗೆ ಕೊಡುತ್ತೇವೆ. ಪಂಜಿನವರ ಕೊಪ್ಪರಿಗೆಯಿಂದ ತೆಗೆದು ಪಾತ್ರೆಗೆ ಸುರಿದವರು ಯಾರು?”

“ಯಾರು?” ಎಂದನು ಚಾವರಸ, ಉತ್ತರೀಯದೊಳಗಿಂದ.

“ಯಾರನ್ನೂ ನಂಬದವರು; ಆದ್ದರಿಂದ ಸ್ವಹಸ್ತದಿಂದ ಸುರಿದವರು; ಸುರಿದು, ಕೈ ತೊಳೆಯುವ ಮೊದಲೇ ಗೆದ್ದೆನೆಂಬ ಹಿಗ್ಗಿನಲ್ಲಿ ಮೀಸೆ ತಿರುವಿದವರು. ಪ್ರಧಾನರೇ, ಉತ್ತರೀಯ ತೆಗೆಯಿರಿ.”

ಅವನು ತೆಗೆಯಲಿಲ್ಲ. ರಾಜಮಾತೆಯ ಸನ್ನೆಯಂತೆ ಭಟನೊಬ್ಬನು ತೆಗೆದನು. ರಾಜ್ಯವೇ ಅಂಜುತ್ತಿದ್ದ ಆ ಮೀಸೆಯ ಕೆಳಗೆ ತುಟಿ ಬದನೆಕಾಯಿಯಂತೆ ಊದಿತ್ತು, ಕೆನ್ನೆಯವರೆಗೂ ದದ್ದುಗಳಿದ್ದವು. ನಿನ್ನೆಯವರೆಗೆ ಅವನಿಗೆ ಬಾಗಿದ್ದ ಬೆನ್ನುಗಳು ನೆಟ್ಟಗಾದವು, ಕೆಲವರು ಬಹಿರಂಗವಾಗಿಯೇ ನಕ್ಕರು.

“ಇದು ಕುಷ್ಠವಾದರೆ ತಾವೂ ಊರಾಚೆಗೆ ನಡೆಯಿರಿ. ತೈಲವಾದರೆ, ನಿಮ್ಮ ಮೀಸೆಗೆ ಅದು ತಗುಲಿದ್ದು ಹೇಗೆಂದು ಹೇಳಿ. ಜಾಣರಿಗೆ ಹೆಚ್ಚು ಹೇಳಬೇಕೆ?” ಎಂದಳು ಬಾಚಿಯಬ್ಬೆ.

ಚಾವರಸನನ್ನು ಸೆರೆಮನೆಗೆ ಎಳೆದೊಯ್ದರು. ಅವನು ತುರಿಸಿಕೊಳ್ಳುತ್ತಲೇ ಹೋದನು.

ಬಾಚಿಯಬ್ಬೆಯು ಗಂಧಶಾಲೆಯ ಬೀಗದಕೈಗಳನ್ನು ರಾಜಮಾತೆಯ ಮುಂದಿಟ್ಟಳು. “ಒಮ್ಮೆ ಹೀಗೆ ಕೆರಳಿದ ಚರ್ಮ ಅದನ್ನು ಮರೆಯದು, ಮಹಾದೇವಿ. ಇನ್ನು ಶುದ್ಧವಾದ ಸರಲತೈಲದ ಹನಿ ಬಿದ್ದರೂ ನನ್ನ ಮೈ ಉರಿಯುವುದು. ಹಚ್ಚಿಕೊಳ್ಳುವಾಗಲೇ ಅದನ್ನು ಅರಿತಿದ್ದೆ. ನನ್ನ ವೃತ್ತಿ ಮುಗಿಯಿತು.” ಇಡೀ ಸಭೆಯನ್ನು ಹೀಯಾಳಿಸುತ್ತಿದ್ದ ಆ ಕಣ್ಣುಗಳು ಆಗ ಮಾತ್ರ ತುಂಬಿದವು.

ನನ್ನಿಗನು ಯುವರಾಜಪೀಠದಿಂದ ಇಳಿದು ಬಂದನು. “ಅಬ್ಬೆ, ಕೊನೆಯದಾಗಿ ನನ್ನ ಪಟ್ಟದ ಲೇಪನವನ್ನು ನೀವೇ ಮಾಡಿ.”

“ಯಾವುದರಿಂದ, ಪ್ರಭು?”

“ಬರಿಯ ನೀರಿನಿಂದ. ಧೂಪಗಳನ್ನೂ ಆರಿಸಿಬಿಡಿ.”

ಧೂಪ ಆರಿತು. ಕಂದಕದ ನಾತ ಸಭೆಯೊಳಕ್ಕೆ ನುಗ್ಗಿತು. ಸಭಾಸದರೆಲ್ಲರೂ ಉತ್ತರೀಯಗಳಿಂದ ಮೂಗು ಮುಚ್ಚಿಕೊಂಡರು. ಆ ನಾತದ ನಡುವೆ ಬಾಚಿಯಬ್ಬೆಯು ದದ್ದೆದ್ದ ಕೈಯಿಂದ ಅರಸನ ಹಣೆಗೆ ನೀರು ಹಚ್ಚಿದಳು. ಇಬ್ಬರೂ ಮೂಗು ಮುಚ್ಚಿಕೊಳ್ಳಲಿಲ್ಲ.