ಆರದ ಪರದೆ

"ಈ ಫೋನಿನ ಡಿಸ್‌ಪ್ಲೇ ಸತ್ತು ಹೋಗಿದೆ ಮಾರಾಯ್ರೆ. ಇದನ್ನು ತಗೊಂಡು ಎಂಥ ಮಾಡ್ತೀರಿ?"

"ಸತ್ತಿದ್ದು ಮುಖ ಅಷ್ಟ. ಒಳಗ ಜೀವ ಐತಲ್ರಿ?"

ಕೀರ್ತನ್ ತಲೆ ಎತ್ತಿದ.

ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕಿರುವ ಆ ಇಕ್ಕಟ್ಟಿನ ಮೊಬೈಲ್ ಅಂಗಡಿಗೆ ಬರುವವರೆಲ್ಲ ಮರಾಠಿಯಲ್ಲೋ ಹಿಂದಿಯಲ್ಲೋ ಜಗಳವಾಡುತ್ತಾರೆ. ಗೋಡೆಯ ಮೇಲಿನ ಕನ್ನಡ ಕ್ಯಾಲೆಂಡರ್ ನೋಡಿ ಕನ್ನಡದಲ್ಲೇ ಜಗಳಕ್ಕೆ ನಿಂತವಳು ಇವಳೊಬ್ಬಳು.

ಭಾಗ್ಯಾಳಿಗೆ ಬೇಕಾಗಿದ್ದದ್ದು ಕಂಪ್ಯೂಟರ್. ಲ್ಯಾಪ್‌ಟಾಪ್ ಕೊಳ್ಳುವ ಶಕ್ತಿ ಇರಲಿಲ್ಲ. ಗುಜರಿಯಲ್ಲಿ ಸಿಕ್ಕ ಹಳೆಯ ಮಾನಿಟರ್ ಮನೆಯಲ್ಲಿತ್ತು. ಫೋನನ್ನೇ ಅದಕ್ಕೆ ವೈರಿನಿಂದ ಜೋಡಿಸಿ, ಕೀಬೋರ್ಡು, ಮೌಸು ಸಿಕ್ಕಿಸಿದರೆ ಕಂಪ್ಯೂಟರ್ ಆಗುತ್ತದೆ ಎಂದು ಎಲ್ಲೋ ವಿಡಿಯೋ ನೋಡಿದ್ದಳು. ಆದರೆ ಅವಳ ಫೋನಿನಿಂದ ಮಾನಿಟರಿಗೆ ಚಿತ್ರ ಹೋಗುತ್ತಿರಲಿಲ್ಲ. ಚಿತ್ರ ಕಳಿಸಬಲ್ಲ ದುಬಾರಿ ಫೋನ್ ಅಂಗಡಿಯಲ್ಲಿ ಒಂದಿತ್ತು... ಪರದೆ ಪೂರ್ತಿ ಕಪ್ಪು. ತನ್ನ ಒಳ್ಳೆಯ ಫೋನ್ ಕೊಟ್ಟು ಆ ಸತ್ತದ್ದನ್ನು ಬದಲಿಗೆ ಕೇಳುತ್ತಿದ್ದಳು ಅವಳು.

"ಮಾನಿಟರಿಗೆ ಸಿಕ್ಕಿಸಿದರೆ ಮಾತ್ರ ಇದು ಕೆಲಸ ಮಾಡ್ತದೆ. ವೈರ್ ತೆಗೆದರೆ ಕಲ್ಲು. ಯೋಚನೆ ಮಾಡಿ. ದಾರಿಯಲ್ಲಿ ಯಾರಾದರೂ ಫೋನ್ ಮಾಡಿದರೆ?"

"ದಾರ್ಯಾಗ ನಂಗ ಯಾರ್ ಫೋನ್ ಮಾಡ್ತಾರ್ರಿ?"

ಅವಳು ನಗುತ್ತಲೇ ಹೇಳಿದಳು. ಅವನಿಗೆ ಯಾಕೋ ನಗು ಬರಲಿಲ್ಲ.

ಮರುದಿನ ಅವನೇ ಅವಳ ಚಾಳಿನ ಒಂದು ಕೋಣೆಯ ಮನೆಗೆ ಬಂದು ಎಲ್ಲವನ್ನೂ ಜೋಡಿಸಿಕೊಟ್ಟ. ಪಕ್ಕದ ಖೋಲಿಯ ಸಾಬವ್ವ ಹೊಸ್ತಿಲ ಮೇಲೆ ಮೆಂತ್ಯದ ಸೊಪ್ಪು ಬಿಡಿಸುತ್ತ ಕಾವಲು ಕುಳಿತಿದ್ದಳು.

"ಎಷ್ಟೊತ್ತೋ ತಮ್ಮಾ? ಎರಡು ವೈರಿಗೆ ಎರಡು ತಾಸಾ?"

"ಆಯ್ತು ಅಮ್ಮ, ಆಯ್ತು!"

"ಐದು ನಿಮಿಷಕ್ಕ ಪರದೆ ಆರಿದ್ರ ನಮ್ಮ ಕಂಪನಿ ಸೈಟು ನನ್ನ ಹೊರಗ ಹಾಕ್ತದರಿ," ಎಂದಳು ಭಾಗ್ಯಾ.

ಅವನು ಸೆಟ್ಟಿಂಗಿನ ಆಳದಲ್ಲೆಲ್ಲೋ ಒಂದು ಗುಂಡಿ ಹುಡುಕಿ ಒತ್ತಿದ. "ಚಾರ್ಜಿಂಗಲ್ಲಿ ಇರುವಷ್ಟು ಹೊತ್ತು ಇನ್ನು ಇದು ಆರುವುದಿಲ್ಲ. ನೀವು ಮಲಗಿದರೂ ಅದು ಎಚ್ಚರ ಇರ್ತದೆ."

ಅವಳ ಕೆಲಸ, ಒಂದು ಪಾರ್ಸೆಲ್ ಕಂಪನಿಗೆ ಕನ್ನಡದಲ್ಲಿ ಉತ್ತರ ಟೈಪ್ ಮಾಡುವುದು. ಹಾಸನದವರು, ಗದಗದವರು, ಯಾರ್ಯಾರೋ ಬೈಯುತ್ತಾರೆ. ಅವಳು ಬರೆಯುತ್ತಾಳೆ: ನಿಮ್ಮ ಪಾರ್ಸೆಲ್ ದಾರಿಯಲ್ಲಿದೆ. ವಿಳಂಬಕ್ಕೆ ಕ್ಷಮೆ ಇರಲಿ.

ದಿನಕ್ಕೆ ಇನ್ನೂರು ಜನರೊಡನೆ ಮಾತು. ಒಬ್ಬರಿಗೂ ಅವಳ ಹೆಸರು ಗೊತ್ತಿಲ್ಲ!

ತಾಯಿ ತಮ್ಮೂರು ಇಂಡಿಯಲ್ಲಿದ್ದಾಗಲೇ ತೀರಿಕೊಂಡಿದ್ದಳು. ಅಪ್ಪ ಮಹಾದೇವಪ್ಪ ಭಿವಂಡಿಯ ಗೋದಾಮಿನಲ್ಲಿ ಹಮಾಲ. ವಾರವೆಲ್ಲ ಅಲ್ಲೇ ಮಲಗಿ ಭಾನುವಾರ ಬರುತ್ತಾನೆ. ಉಳಿದ ಆರು ದಿನ ಒಬ್ಬಳೇ ಉಣ್ಣುವುದು. ಒಂದು ತಟ್ಟೆ, ಒಂದು ಲೋಟ. ತೊಳೆಯುವುದಕ್ಕೂ ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಹೀಗಿರುವಾಗ ಪರದೆಯ ಮೂಲೆಯಲ್ಲಿ ಒಂದು ಕಿಟಕಿ ತೆರೆದುಕೊಂಡಿತು.

"ವೈರ್ ಸರಿ ಉಂಟಾ?" ಕೀರ್ತನ್‌ನ ವಾಟ್ಸ್ಆ್ಯಪ್ ಸಂದೇಶ.

"ಐತಿರಿ."

ಎರಡು ದಿನ ಬಿಟ್ಟು ಮತ್ತೆ. "ವೈರ್ ಬಿಸಿ ಆಗ್ತದಾ?"

"ಇಲ್ರಿ. ನಿಮ್ಮ ಊಟ ಆತೇನು?"

ವೈರಿನಿಂದ ಊಟಕ್ಕೆ, ಊಟದಿಂದ ಲೋಕಲ್ ರೈಲಿನ ಗದ್ದಲಕ್ಕೆ, ಅಲ್ಲಿಂದ ಅವನ ಊರು ಕುಂದಾಪುರಕ್ಕೆ, ಅವಳ ಅವ್ವನಿಗೆ... ಮೂರು ತಿಂಗಳಲ್ಲಿ ಮಾತು ಎಲ್ಲೆಲ್ಲಿಗೋ ಹೋಯಿತು. ಅವಳು ಆ ಕಿಟಕಿಯನ್ನು ಮುಚ್ಚುವುದನ್ನೇ ಬಿಟ್ಟಳು. ಎಡಕ್ಕೆ ಬೈಯುವ ಗಿರಾಕಿಗಳು, ಬಲಕ್ಕೆ ಕೀರ್ತನ್. ಬಲಗಡೆ ಏನೂ ಬರದಿದ್ದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

'ಇದಕ್ಕೇನಂತಾರ?' ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಅವನ ಬಾಯಿಂದ ಬರಲಿ ಎಂದು ಸುಮ್ಮನಿದ್ದಳು.

ಒಂದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಸಾಬವ್ವ ಬಾಗಿಲು ಬಡಿದಳು.

"ಭಾಗ್ಯವ್ವಾ! ನಿಮ್ಮಪ್ಪನ ಕಾಲ ಮ್ಯಾಲ ಮೂಟಿ ಬಿದ್ದಾವಂತ. ಭಿವಂಡಿ ದವಾಖಾನಿಗೆ ಒಯ್ದಾರ. ನಡಿ!"

ಅವಳು ಎದ್ದ ಹಾಗೇ ಓಡಿದಳು. ಬೀಗ ಹಾಕಿದ್ದೊಂದೇ ನೆನಪು. ಸಂಜೆಗೆ ಬರುತ್ತೇನೆ ಎಂದುಕೊಂಡಿದ್ದಳು. ಫೋನು ಮೇಜಿನ ಮೇಲೆ ವೈರುಗಳ ನಡುವೆ ಉಳಿಯಿತು.

ಮೊಳಕಾಲ ಕೆಳಗೆ ಎರಡು ಕಡೆ ಮೂಳೆ ಮುರಿದಿತ್ತು. ಆಪರೇಷನ್, ರಾಡು, ಹೊಲಿಗೆ. ಶನಿವಾರದ ತನಕ ಆಸ್ಪತ್ರೆ.

ಅಪ್ಪ ನೋವಿನಲ್ಲಿ ನರಳಿ ಕಡೆಗೆ ನಿದ್ದೆ ಹೋದಾಗ ಅವಳು ವರಾಂಡದ ಬೆಂಚಿನ ಮೇಲೆ ಬಂದು ಕುಳಿತಳು. ಒಬ್ಬನಿಗೆ ಹೇಳಬೇಕು ಅನಿಸಿತು. ಅಪ್ಪನ ಗುಂಡಿ ಫೋನ್ ಕೈಯಲ್ಲಿತ್ತು. ಆದರೆ ಕೀರ್ತನ್‌ನ ನಂಬರ್?

ಎಂಬತ್ತೊಂಬತ್ತು... ಆಮೇಲೆ?

ಮೂರು ತಿಂಗಳು ದಿನವೂ ಮಾತಾಡಿದವನ ಹತ್ತು ಅಂಕಿ ಗೊತ್ತಿರಲಿಲ್ಲ! ಮನೆಯಿಂದ ಫೋನ್ ತರಿಸಿದರೂ ಪ್ರಯೋಜನವಿಲ್ಲ; ಮಾನಿಟರಿಲ್ಲದೆ ಅದು ಕಲ್ಲು. ಊಟ ತರುತ್ತಿದ್ದ ಸಾಬವ್ವನನ್ನು ಅವನ ಅಂಗಡಿಗೆ ಕಳಿಸಬಹುದಿತ್ತು. ಆದರೆ ಏನಂತ ಹೇಳಿ ಕಳಿಸುವುದು? ಅವನು ತನಗೆ ಯಾರು?

ಅವನಾದರೂ ಹುಡುಕಿಕೊಂಡು ಬರಬಾರದೇ... ಎನಿಸಿತು. ಬರಲಿಲ್ಲ. ಎದುರು ಹಾಸಿಗೆಯ ಮುದುಕಿಗೆ ನೆಂಟರು ಬಂದು ಹೋಗುತ್ತಿದ್ದರು. ಅವಳು ಅವರ ಚಪ್ಪಲಿಗಳನ್ನು ಎಣಿಸುತ್ತ ಕುಳಿತಳು.

ಶನಿವಾರ ಅಪ್ಪನನ್ನು ಮನೆಗೆ ಕರೆತಂದು ಬೀಗ ತೆಗೆದರೆ ಮಾನಿಟರ್ ಬೆಳಗುತ್ತಲೇ ಇತ್ತು. ನಾಲ್ಕು ದಿನ ಅದು ಆರಿರಲಿಲ್ಲ. ಎಡಗಡೆ ಕಂಪನಿಯ ಎಚ್ಚರಿಕೆ. ಬಲಗಡೆ ಕೀರ್ತನ್.

ಮಂಗಳವಾರ, ಹನ್ನೊಂದೂವರೆ: "ಭಾಗ್ಯಾ, ವೈರ್ ಸರಿ ಉಂಟಾ ಅಂತ ಇಷ್ಟು ದಿನ ಕೇಳಿದ್ದು ವೈರಿಗಾಗಿ ಅಲ್ಲ. ನೀವೆಂದರೆ ನನಗೆ ಇಷ್ಟ. ಮದುವೆ ಆಗ್ತೀರಾ? ನಾನು ಕನ್ನಡ ಶಾಲೆಯಲ್ಲಿ ಕಲಿತವನಲ್ಲ, ತಪ್ಪಿದ್ದರೆ ಕ್ಷಮಿಸಿ."

ಅವಳ ಕೈ ಮೌಸಿನ ಮೇಲೆಯೇ ನಿಂತಿತು.

ಬುಧವಾರ: "ನೀಲಿ ಟಿಕ್ ಬಂದಿದೆ. ಓದಿದ್ದೀರಿ. ಒಂದು ಮಾತು ಹೇಳಿ, ಇಲ್ಲ ಅಂತಾದ್ರೂ."

ಗುರುವಾರ: "ಅರ್ಥ ಆಯ್ತು. ನಾಳೆಯಿಂದ ಖಾರಘರದಲ್ಲಿರುವ ಲೀಲಾಧರ ಮಾವನ ಅಂಗಡಿಗೆ ಹೋಗ್ತೇನೆ. ಸ್ಟೇಷನ್ನಿನ ಎದುರೇ. ಫೋನಿಗೆ ರಿಪೇರಿ ಬಂದರೆ ಮಾತ್ರ ಅಲ್ಲಿಗೆ ಕಳಿಸಿ. ಇನ್ನು ತೊಂದರೆ ಕೊಡುವುದಿಲ್ಲ."

'ಅಯ್ಯೋ ದೇವರೇ... ನಾ ಓದೇ ಇಲ್ಲಲ್ಲ!'

ಟೈಪ್ ಮಾಡಿ ಕಳಿಸಿದಳು. ಒಂದೇ ಬೂದು ಟಿಕ್. ಕರೆ ಮಾಡಿದಳು. ಹೋಗಲಿಲ್ಲ. ಬ್ಲಾಕ್ ಮಾಡಿದ್ದ.

ಅವಳು ಫೋನಿನ ವೈರುಗಳನ್ನೆಲ್ಲ ಕಿತ್ತಳು. ಮಾನಿಟರ್ ಆರಿತು.

"ಎತ್ತಾಗ ಹೊಂಟಿ?" ಅಪ್ಪ ಹಾಸಿಗೆಯಿಂದ ಕೇಳಿದ.

"ರಿಪೇರಿ ಐತಪ್ಪಾ. ಸಾಬವ್ವ ಇಲ್ಲೇ ಕೂಡ್ತಾಳ."

ಸಾಬವ್ವ ಅವಳ ಮುಖ ನೋಡಿದಳು. "ಹೋಗು. ಪೂರ್ತಿ ರಿಪೇರಿ ಮಾಡಿಸ್ಕೊಂಡು ಬಾ."

ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಪನವೇಲ್ ಲೋಕಲ್. ಮಹಿಳೆಯರ ಬೋಗಿಯಲ್ಲಿ ಎಲ್ಲರ ಕೈಯಲ್ಲೂ ಬೆಳಗುವ ಫೋನು. ಅವಳ ಕೈಯಲ್ಲಿದ್ದದ್ದು ಕಪ್ಪು ಗಾಜು, ಅದರಲ್ಲಿ ಅವಳದೇ ಮುಖ. ಅವನು ನಂಬದಿದ್ದರೆ? 'ಈಗ ಕಥೆ ಕಟ್ಟುತ್ತಿದ್ದಾಳೆ' ಎಂದುಕೊಂಡರೆ? ನೆರುಳ್ ಯಾವಾಗ ದಾಟಿತೋ ತಿಳಿಯಲಿಲ್ಲ.

ಅಂಗಡಿಯಲ್ಲಿ ಕೀರ್ತನ್ ಒಂದು ಫೋನಿನ ಬೆನ್ನು ಬಿಚ್ಚುತ್ತಿದ್ದ. ಗಡ್ಡ ಬಂದಿತ್ತು. ಅವಳನ್ನು ನೋಡಿದೊಡನೆ ಅವನ ಸ್ಕ್ರೂಡ್ರೈವರ್ ಕೈಜಾರಿತು. ಮರುಕ್ಷಣವೇ ಮುಖ ಗಂಟಿಕ್ಕಿಕೊಂಡ.

"ಸರ್ವಿಸಿಂಗಾ?"

"ಹೂಂರಿ. ಕಂಪ್ಲೇಂಟ್ ಐತಿ."

"ಎಂಥದು?"

"ನಾ ಓದಲಾರದ್ದನ್ನ ಇದು ತಾನ ಓದೈತಿ."

"ತಮಾಷೆ ಬೇಡ ಭಾಗ್ಯಾ. ಟಿಕ್ ನೀಲಿಯಾದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಕಳಿಸಿ ಒಂದು ಸೆಕೆಂಡ್ ಆಗಿರಲಿಲ್ಲ!"

"ಒಂದು ಸೆಕೆಂಡಿನಾಗ ಅಷ್ಟುದ್ದ ಯಾರ್ ಓದ್ತಾರ್ರಿ?"

ಅವನು ಬಿದ್ದ ಸ್ಕ್ರೂಡ್ರೈವರ್ ಎತ್ತಿಕೊಂಡ.

"ಮಂಗಳವಾರ ಮುಂಜಾನೆ ಅಪ್ಪನ ಕಾಲು ಮುರೀತು. ನಾಲ್ಕು ದಿನ ಭಿವಂಡಿ ದವಾಖಾನ್ಯಾಗ ಇದ್ದೆ. ಇದು ಮನ್ಯಾಗಿತ್ತು. ನಿಮ್ಮ ಕಿಟಕಿ ತೆರದಿತ್ತು. ನಾ ಅದನ್ನ ಎಂದೂ ಮುಚ್ಚಾಂಗಿಲ್ಲ..." ಅವಳು ಫೋನನ್ನು ಅವನ ಮುಂದಿಟ್ಟಳು.

ಕೀರ್ತನ್ ಫೋನ್ ತೆಗೆದುಕೊಂಡು ಅಂಗಡಿಯ ದೊಡ್ಡ ಮಾನಿಟರಿಗೆ ಸಿಕ್ಕಿಸಿದ. ಅವಳು ಅವನ ಕೀಬೋರ್ಡಿನಲ್ಲೇ ಪಿನ್ ಒತ್ತಿ ಕಿಟಕಿ ತೆರೆದಳು. ಗಿರಾಕಿಗಳೆದುರೇ ಅವನ ಸಂದೇಶ ಪರದೆ ತುಂಬ ಹರಡಿಕೊಂಡಿತು. ಮದುವೆ ಆಗ್ತೀರಾ?

"ಕಾಯ್ ಲಿಹಿಲಂಯ್ ರೇ?" ಕಾಯುತ್ತ ನಿಂತಿದ್ದ ಮರಾಠಿ ಹೆಂಗಸೊಬ್ಬರು ಕನ್ನಡಕ ಏರಿಸಿ ಏನು ಬರೆದಿದೆ ಎಂದು ಕೇಳಿದರು.

"ಕಾಹೀ ನಾಹೀ ಕಾಕೂ! ಸರ್ವಿಸಿಂಗ್!" ಏನಿಲ್ಲ ಎನ್ನುವಾಗ ಅವನ ಕಿವಿ ಕೆಂಪಾಯಿತು.

ಆಮೇಲೆ ಸೆಟ್ಟಿಂಗಿಗೆ ಹೋದ. ಪರದೆ ಆರದಂತೆ ತಡೆಯುವ ಗುಂಡಿ ಇನ್ನೂ ಒತ್ತಿಕೊಂಡೇ ಇತ್ತು. ಒತ್ತಿದವನು ತಾನೇ. ಪರದೆ ಆರದೆ, ಕಿಟಕಿ ತೆರೆದೇ ಇದ್ದರೆ ಬಂದದ್ದೆಲ್ಲ ಓದಿದಂತೆಯೇ. ದಿನವೂ ಹತ್ತಾರು ಫೋನ್ ಬಿಚ್ಚುವವನಿಗೆ ಅಷ್ಟು ಹೊಳೆದಿರಲಿಲ್ಲ.

"ನಾನೊಬ್ಬ ಪೆದ್ದ," ಎಂದ ಮೆಲ್ಲಗೆ. "ನಿಮ್ಮ ಮನೆ ಬಾಗಿಲಿಗೆ ಬಂದು ಕೇಳಬಹುದಿತ್ತು. ಟಿಕ್ ನೋಡುತ್ತಾ ಕೂತೆ."

"ಹೂಂ. ಬರಬೇಕಿತ್ತು. ನಾ ದಾರಿ ನೋಡಿದ್ದೆ."

ಅವನು ತಲೆ ತಗ್ಗಿಸಿದ. "ಅಪ್ಪ ಈಗ ಹೇಗಿದ್ದಾರೆ?"

"ಮಲಗ್ಯಾನ. ಮೂರು ತಿಂಗಳು ಹಿಡೀತದಂತ."

"ನಾಳೆ ಬರ್ತೇನೆ. ನೋಡಲಿಕ್ಕೆ. ಮತ್ತೆ... ಉತ್ತರ?"

ಭಾಗ್ಯಾ ಕೀಬೋರ್ಡನ್ನು ತನ್ನೆಡೆಗೆ ಎಳೆದುಕೊಂಡಳು. ದಿನಕ್ಕೆ ಇನ್ನೂರು ಸಲ ಅದೇ ಸಾಲು ಟೈಪ್ ಮಾಡಿದ ಬೆರಳುಗಳು ಈ ಸಲ ಒಂದೊಂದೇ ಅಕ್ಷರ ಒತ್ತಿದವು.

ನಿಮ್ಮ ಪಾರ್ಸೆಲ್ ತಲುಪಿದೆ. ವಿಳಂಬಕ್ಕೆ ಕ್ಷಮೆ ಇರಲಿ.

ಅವನು ಎರಡು ಸಲ ಓದಿದ. ಗಿರಾಕಿಗಳಿಗೆ ಬೆನ್ನು ಮಾಡಿ ಕಣ್ಣೊರೆಸಿಕೊಂಡ.

"ಇದಕ್ಕೊಂದು ಡಿಸ್‌ಪ್ಲೇ ಹಾಕಿ ಕೊಡ್ತೇನೆ. ಇನ್ನು ಎಲ್ಲಿ ಹೋದರೂ ಕೈಯಲ್ಲಿರಲಿ."

"ಅದು ಆಮ್ಯಾಲ. ಮೊದಲ ನಿಮ್ಮ ನಂಬರ್ ಹೇಳ್ರಿ."

"ಅದರಲ್ಲೇ ಉಂಟಲ್ಲ?"

"ಅದರಾಗ ಐತಿ. ನನ್ನಾಗ ಇಲ್ಲ."

ಅವನು ಎರಡೆರಡು ಅಂಕಿ ಹೇಳಿದ. ಅವಳು ಕಣ್ಣು ಮುಚ್ಚಿ, ಶಾಲೆಯ ಹುಡುಗಿಯಂತೆ ಬಾಯಿಪಾಠ ಮಾಡಿದಳು. ಮೂರನೆಯ ಸಲಕ್ಕೆ ಹತ್ತೂ ಸರಿ ಬಂತು.

"ದಾರಿಯಲ್ಲಿ ಮರೆತರೆ?"

"ಮರೆತ್ರ ಮತ್ತ ಖಾರಘರಕ್ಕ ಬರ್ತೀನಿ."

"ಛೆ!" ಎಂದ ಅವನು, ನಾಲ್ಕು ದಿನದಲ್ಲಿ ಮೊದಲ ಸಲ ನಗುತ್ತ. "ಹಾಗಾದ್ರೆ ಒಂದು ಅಂಕಿ ತಪ್ಪು ಹೇಳಬೇಕಿತ್ತು ನಾನು!"