ಬಾಗಿಲ ಮುಂದಿನ ಹಿಮದ ಬದು

ಹನ್ನೊಂದು ದಿನದಿಂದ ಚಿಗುಸಾಳ ಬಾಗಿಲ ಮುಂದೆ ಮಾತ್ರ ಹಿಮದ ಬದು ಬೀಳುತ್ತಿರಲಿಲ್ಲ. ಶಿಂಜೊ ಪಟ್ಟಣದಲ್ಲಿ ಹಿಮ ತಳ್ಳುವ ಗಾಡಿ ನಸುಕಿನಲ್ಲೇ ರಸ್ತೆ ತೆರವು ಮಾಡುತ್ತದೆ. ತಳ್ಳಿದ ಹಿಮ ಎರಡೂ ಬದಿಯ ಮನೆಗಳ ಹೊಸ್ತಿಲಿಗೆ ಬಂದು ಕೂರುತ್ತದೆ. ಅದನ್ನು ತೆಗೆಯುವುದು ಆಯಾ ಮನೆಯವರ ಪಾಡು. ಬಡವ ಬಲ್ಲಿದ ಎಂಬ ಭೇದ ಇಲ್ಲ.

ಹಾಗಾದರೆ ಇವಳ ಪಾಲಿನದು ಎಲ್ಲಿ ಹೋಗುತ್ತಿತ್ತು? ಪಕ್ಕದ ಮನೆಯ ಉಮೆನೊ ಅಜ್ಜಿಯ ಬಾಗಿಲಿಗೆ. ಎಂಬತ್ತೆರಡರ ಅಜ್ಜಿಯ ಕೈಲಿ ಆಗದ್ದರಿಂದ ಅದನ್ನೆಲ್ಲ ಎತ್ತಿಹಾಕುತ್ತಿದ್ದವಳು ಚಿಗುಸಾಳೇ. ಗಂಡ ತೀರಿಕೊಂಡು ಆರು ಚಳಿಗಾಲ ಕಳೆದಿತ್ತು. ಸೊಂಟ ಸೋತಿತ್ತು, ಮನಸ್ಸು ಅದಕ್ಕೂ ಮೊದಲೇ ಸೋತಿತ್ತು.

"ಆ ಡ್ರೈವರ್ ಕೊಸಾಕುಗೆ ನಿನ್ ಮೇಲೆ ಕಣ್ಣು ಕಣೇ," ಅಜ್ಜಿ ಕೋಲೂರಿ ನಕ್ಕಳು. "ಪ್ರೀತಿ ನಿಂಗೆ, ಹಿಮ ನಂಗೆ. ಇದ್ಯಾವ ನ್ಯಾಯ? ನಾಳೆನೂ ಹಿಂಗೇ ಆದ್ರೆ ಪುರಸಭೆಗೆ ಫೋನ್ ಮಾಡ್ತೀನಿ. ಅವನನ್ನ ಬೇರೆ ರಸ್ತೆಗೆ ಹಾಕ್ತಾರೆ, ನೋಡ್ತಿರು."

ಚಿಗುಸಾ ಸಲಿಕೆಯನ್ನು ಹಿಮಕ್ಕೆ ಚುಚ್ಚಿ ನಿಂತಳು. ದಿನಾ ಆ ಗಾಡಿಯ ಸದ್ದು ಕೇಳಿದ ಮೇಲೆಯೇ ತಾನು ಹಾಸಿಗೆ ಬಿಟ್ಟೇಳುವುದು ಎಂದು ಅವಳಿಗೆ ಆಗ ಹೊಳೆಯಿತು. ಆ ಸದ್ದು ಬೇರೆ ರಸ್ತೆಗೆ ಹೋಗುವುದು ಅವಳಿಗೆ ಬೇಕಿರಲಿಲ್ಲ.

ಆ ಬೆಳಿಗ್ಗೆಯೇ ರಸ್ತೆಯ ತುದಿಯಲ್ಲಿ ಕೊಸಾಕು ಗಾಡಿ ನಿಲ್ಲಿಸಿ ಅನ್ನದುಂಡೆ ತಿನ್ನುತ್ತಿದ್ದ. ಅವಳು ನೆಟ್ಟಗೆ ಹೋಗಿ ಗಾಡಿಯ ಬಾಗಿಲು ಬಡಿದಳು.

"ನಿಮಗೆ ಬಾಯಿ ಇಲ್ವಾ?"

ಅವನ ಕಿವಿ ಕೆಂಪಾಯಿತು. ನಿದ್ದೆಗೆಟ್ಟ ಕಣ್ಣು ಅವಳ ಮುಖದಿಂದ ಕೈಗವಸಿಗೆ ಜಾರಿ, ತಡೆಯಲಾರದೆ ಮತ್ತೆ ಮುಖಕ್ಕೇ ಬಂತು.

"ಅವತ್ತು ನೀವು ಸೊಂಟ ಹಿಡ್ಕೊಂಡು ನಿಂತಿದ್ರಿ. ನನ್ ಕೈಲಿ ನೋಡೋಕಾಗ್ಲಿಲ್ಲ. ಹಿಮ ತಳ್ಳೋ ಬ್ಲೇಡ್ ಸ್ವಲ್ಪ ತಿರುಗಿಸ್ದೆ."

"ಪುಣ್ಯಾತ್ಮ! ಅದು ಅಜ್ಜಿ ಬಾಗಿಲಿಗೆ ಬೀಳುತ್ತೆ. ಅದನ್ನ ಎತ್ತೋದು ಯಾರು ಅಂದ್ಕೊಂಡ್ರಿ? ನಾನೇ!"

ಅವನು ಅನ್ನದುಂಡೆ ಕೆಳಗಿಟ್ಟ. "ಅಯ್ಯೋ... ಈಗ ಏನ್ ಮಾಡ್ಲಿ, ನೀವೇ ಹೇಳಿ."

"ನಾಳೆ ನನ್ ಬಾಗಿಲಿಗೂ ಎಲ್ಲರಷ್ಟೇ ಹಾಕಿ. ಕೆಲಸ ಮುಗಿಸಿ ಸಲಿಕೆ ಹಿಡ್ಕೊಂಡು ಬನ್ನಿ."

ಮರುದಿನ ಅವಳ ಬಾಗಿಲಿಗೂ ತೊಡೆಯೆತ್ತರದ ಬದು ಬಿದ್ದಿತ್ತು. ಅಜ್ಜಿ ಫೋನ್ ಮುಟ್ಟಲಿಲ್ಲ. ಎಂಟು ಗಂಟೆಗೆ ಕೊಸಾಕು ನಡೆದುಕೊಂಡೇ ಬಂದ. ಮೊದಲು ಅಜ್ಜಿಯ ಬಾಗಿಲು, ಆಮೇಲೆ ಇವಳದು. ಇಬ್ಬರೂ ಸೇರಿ ಎತ್ತಿಹಾಕಿದರು. ಮುಗಿದ ಮೇಲೆ ಹೊಸ್ತಿಲಲ್ಲೇ ಕುಸಿದು ಕೂತು ಬಿಸಿ ಮಿಸೊ ಸಾರು ಕುಡಿದರು. ಅವನ ಭುಜ ಅವಳ ಭುಜಕ್ಕೆ ತಾಗಿತು, ಯಾರೂ ಸರಿಯಲಿಲ್ಲ.

"ಇನ್ನೆಷ್ಟು ದಿನ ಈ ಹಿಮ?" ಅವಳು ಕೇಳಿದಳು.

"ಹೆಚ್ಚಂದ್ರೆ ಆರು ವಾರ."

ಆರು ವರ್ಷದಿಂದ ಚಳಿಗಾಲ ಒಮ್ಮೆ ತೊಲಗಲಿ ಎಂದು ಶಪಿಸುತ್ತಿದ್ದವಳು ಅವನ ಮುಖ ನೋಡಿದಳು.

"ಅಷ್ಟೇನಾ?" ಎಂದಳು.