ಮೂರನೇ ಪೆಡಲ್

“ಮಾಮ, ಇಲ್ಲಿ ಮೂರು ಪೆಡಲ್ ಇವೆ.”

ಸ್ಕೂಲ್ ಬ್ಯಾಗನ್ನು ಬೆನ್ನಿನಿಂದ ಇಳಿಸದೆ, ಕಾರಿನ ಬಾಗಿಲು ತೆರೆದು ಬಗ್ಗಿ ನೋಡುತ್ತಿದ್ದಳು ಮೆಣಸು. ಅದು ಅವಳ ನಿಜವಾದ ಹೆಸರಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಮಾಮ ಇಟ್ಟ ಹೆಸರು. ಈಗ ಬೀದಿಯವರೂ ಹಾಗೆಯೇ ಕರೆಯುತ್ತಿದ್ದರು.

“ಗೊತ್ತು. ಹಾಕಿದ್ದು ನಾನೇ,” ಎಂದ ಮಾಮ, ಕಾರಿನ ಅಡಿಯಿಂದ. ಹೊರಗೆ ಕಾಣುತ್ತಿದ್ದದ್ದು ಅವನ ಕಾಲುಗಳು ಮಾತ್ರ.

“ಎರಡೇ ಇದ್ವಲ್ಲ?”

“ಅದು ಆಟೋಮ್ಯಾಟಿಕ್ ಆಗಿದ್ದಾಗ. ಆ ಗೇರ್‌ಬಾಕ್ಸ್ ಸುಟ್ಟೋಯ್ತು. ಅಂಥದ್ದು ಇನ್ನೊಂದು ಎಲ್ಲೂ ಸಿಗಲಿಲ್ಲ, ಹುಡುಕಿ ಹುಡುಕಿ ನನ್ನ ಚಪ್ಪಲಿ ಸವೀತು. ಗುಜರಿಯಲ್ಲಿ ಇದೇ ಮಾಡೆಲ್‌ದು ಮ್ಯಾನ್ಯುಅಲ್ ಗೇರ್‌ಬಾಕ್ಸ್ ಇತ್ತು. ತಂದು ಕೂರಿಸ್ಬಿಟ್ಟೆ. ಇನ್ಮೇಲೆ ಗೇರ್ ಕೈಯಲ್ಲೇ ಹಾಕ್ಬೇಕು, ಕಾಲಲ್ಲಿ ಕ್ಲಚ್ ಒತ್ಬೇಕು.”

ಮಾಮ ಜಾರಿಕೊಂಡು ಹೊರಗೆ ಬಂದ. ಕೆನ್ನೆಯ ಮೇಲೆ ಗ್ರೀಸ್, ಮುಖದ ತುಂಬ ಖುಷಿ. ಮನೆಯ ಹಿಂದಿನ ಶೆಡ್ಡಿಗೆ ಪರದೆ ಕಟ್ಟಿ, ಇಂದಿನವರೆಗೆ ಯಾರನ್ನೂ ಒಳಗೆ ಬಿಡದೆ, ಅವನು ಈ ಕೆಲಸ ಮಾಡಿದ್ದ.

“ಅಮ್ಮನಿಗೆ ಗೊತ್ತಾ?”

“ಸರ್ಪ್ರೈಸ್.”

ಮೆಣಸಿಗೆ ಕಿವಿ ಬಿಸಿಯಾಯಿತು.

ಅಮ್ಮನ ಎಡ ಮಂಡಿಯೊಳಗೆ ಕಬ್ಬಿಣದ ಪಟ್ಟಿಯಿತ್ತು. ಮೆಣಸು ಹುಟ್ಟುವ ಮೊದಲೇ ಮುರಿದ ಕಾಲು ಅದು. ಪೂರ್ತಿ ಮಡಚುತ್ತಿರಲಿಲ್ಲ. ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಲಾಂಡ್ರಿ ನಡೆಸುತ್ತಿದ್ದಳು. ಲಾಡ್ಜುಗಳ ಬೆಡ್‌ಶೀಟ್ ತಂದು, ಒಗೆದು, ಇಸ್ತ್ರಿ ಮಾಡಿ, ಬೆಳಗ್ಗೆ ತಾನೇ ಕಾರಿನಲ್ಲಿ ಕೊಂಡೊಯ್ದು ಕೊಡುತ್ತಿದ್ದಳು. ಕಾರಿನಲ್ಲಿ ಕೆಲಸವೆಲ್ಲ ಬಲಗಾಲಿಗೆ. ಎಡಗಾಲು ಸುಮ್ಮನೆ ಚಾಚಿಕೊಂಡಿರುತ್ತಿತ್ತು. ಅಮ್ಮನಿಗೆ ನಡೆಯಲು ಕೋಲು ಬೇಕಿತ್ತು, ಕಾರು ಓಡಿಸಲು ಏನೂ ಬೇಕಿರಲಿಲ್ಲ.

ಆ ಕಾರಿನಲ್ಲಿ ಮೆಣಸಿಗೂ ಒಂದು ಕೆಲಸವಿತ್ತು. ಅಮ್ಮ ಬಟ್ಟೆ ಗಂಟುಗಳನ್ನು ಹಿಂದಿನ ಸೀಟಿಗೆ ತುಂಬುವಷ್ಟರಲ್ಲಿ, ಅವಳು ಡ್ರೈವರ್ ಸೀಟಿನಲ್ಲಿ ಕೂತು ಕೀ ತಿರುಗಿಸಬೇಕು. “ಗೇರ್ ಪಿ ಮೇಲಿದ್ರೆ ಆನೆ ಬಂದು ತಳ್ಳಿದ್ರೂ ಕದಲಲ್ಲ, ತಿರುಗ್ಸು,” ಎಂದು ಅಮ್ಮನೇ ಕಲಿಸಿದ್ದಳು. ಕೀ ತಿರುಗಿಸಿದರೆ ಕಾರು ಎಚ್ಚರವಾಗುತ್ತಿತ್ತು. ದಿನ ಶುರುವಾಗುತ್ತಿದ್ದದ್ದೇ ಹಾಗೆ.

“ಅಮ್ಮ ಕ್ಲಚ್ ಹೇಗೆ ಒತ್ತಾಳೆ?” ಎಂದಳು ಮೆಣಸು.

“ಅಕ್ಕ ಯಾಕೆ ಒತ್ಬೇಕು? ಇನ್ಮೇಲೆ ನಾನೇ ಡ್ರೈವರ್. ಅಕ್ಕ ಮಹಾರಾಣಿ ಥರ ಹಿಂದೆ ಕೂತ್ಕೊಳ್ಳಲಿ. ಪಾಪ, ಎಷ್ಟು ದಿನ ಅಂತ ಕಷ್ಟಪಡ್ತಾಳೆ?”

“ಕಷ್ಟ ಆಗ್ತಿದೆ ಅಂತ ಅಮ್ಮ ಹೇಳಿದ್ಲಾ? ಹಿಂದೆ ಕೂತ್ಕೋತೀನಿ ಅಂದ್ಲಾ?”

“ಅಬ್ಬಬ್ಬಾ. ಮೆಣಸು ಚಿಕ್ಕದಾದ್ರೂ ಖಾರಕ್ಕೇನೂ ಕಮ್ಮಿ ಇಲ್ಲ.” ಮಾಮ ನಗುತ್ತಾ ಕೈ ಒರೆಸಿಕೊಂಡ. “ತಡಿ, ಅಕ್ಕನ್ನ ಕರ್ಕೊಂಡು ಬರ್ತೀನಿ. ಅವಳ ಮುಖ ನೋಡುವೆಯಂತೆ.”

ಅವನು ಒಳಗೆ ಹೋದ.

ಮೆಣಸು ಬ್ಯಾಗ್ ಎಸೆದು ಡ್ರೈವರ್ ಸೀಟಿಗೆ ಹತ್ತಿದಳು. ಹಳೆಯ ಗೇರ್ ಇದ್ದ ಜಾಗದಲ್ಲಿ ಉದ್ದನೆಯ ಕೋಲೊಂದು ನಿಂತಿತ್ತು. ಅದರ ತುದಿಯ ಗುಂಡಿನ ಮೇಲೆ ಬರೀ ಅಂಕಿಗಳು. ಪಿ ಎಲ್ಲೂ ಇಲ್ಲ. ಸ್ಟಾರ್ಟ್ ಆದರೂ ಆಗುತ್ತದೋ ಇಲ್ಲವೋ ಈ ದರಿದ್ರದ್ದು, ಎಂದುಕೊಂಡಳು. ಕೀ ಅದರ ಜಾಗದಲ್ಲೇ ಇತ್ತು. ದಿನವೂ ತಿರುಗಿಸಿ ರೂಢಿಯಾದ ಕೈ, ಇಂದೂ ತಿರುಗಿಸಿತು.

ಕಾರು ಮುಂದಕ್ಕೆ ನೆಗೆಯಿತು.

ಧಡ್ ಎಂದಿತು. ಮೆಣಸಿನ ಎದೆ ಸ್ಟೀರಿಂಗಿಗೆ ಬಡಿಯಿತು. ಆಮೇಲೆ ಎಲ್ಲ ಸದ್ದಡಗಿತು.

ಕಾರನ್ನು ತಡೆದದ್ದು ಹಳೆಯ ಗೇರ್‌ಬಾಕ್ಸೇ. ಬಿಚ್ಚಿ ಮುಂದೆ ಇಟ್ಟಿಗೆಗಳ ಮೇಲೆ ಇಟ್ಟಿದ್ದದ್ದು, ಪೆಟ್ಟು ತಿಂದು ಮಗುಚಿಕೊಂಡಿತ್ತು. ಅದರ ಹೊಟ್ಟೆಯಲ್ಲಿ ಉಳಿದಿದ್ದ ಸುಟ್ಟ ಎಣ್ಣೆ ಕಂದು ಬಣ್ಣದಲ್ಲಿ ಹರಿದು, ಗೋಡೆಯ ಪಕ್ಕ ನಾಳೆಗೆಂದು ಮಾಮ ತಂದು ಜೋಡಿಸಿದ್ದ ಬಿಳಿ ಬೆಡ್‌ಶೀಟಿನ ಗಂಟುಗಳ ಅಡಿಗೆ ನುಗ್ಗುತ್ತಿತ್ತು.

ಮಾಮ ಓಡಿ ಬಂದ. ಬಾಗಿಲು ತೆಗೆದು ಅವಳ ತೋಳು ಹಿಡಿದು ಕೆಳಗೆ ಎಳೆದ.

“ಕೈ ಇಡು ಅಂತ ಯಾರು ಹೇಳಿದ್ರು ನಿನಗೆ? ಈಗ ಮುಂದೆ ನಾನೇ ನಿಂತಿದ್ರೆ? ನನ್ನ ಕಾಲೂ ಹೋಗ್ತಿತ್ತು.”

ಅಷ್ಟು ಹೇಳಿ ತಟ್ಟನೆ ನಿಲ್ಲಿಸಿದ. ಕೋಲು ಊರಿಕೊಂಡು ಅಮ್ಮ ಶೆಡ್ಡಿನ ಬಾಗಿಲಿಗೆ ಬಂದಿದ್ದಳು.

“ದಿನಾ ನಾನೇ ತಿರುಗಿಸೋದು,” ಎಂದಳು ಮೆಣಸು. ಅವನ ಹಿಡಿತದಿಂದ ತೋಳು ಕಿತ್ತುಕೊಂಡಳು. “ಅದು ನನ್ನ ಕೆಲಸ. ನೀನು ಕಾರನ್ನೇ ಬದಲಾಯಿಸಿಬಿಟ್ಟು ನನ್ನ ಬೈತೀಯಾ?”

“ಗೇರಲ್ಲಿ ಹಾಕಿಟ್ಟಿದ್ದೆ ಕಣೆ. ಶೆಡ್ ನೆಲ ಇಳಿಜಾರು, ಉರುಳಬಾರದು ಅಂತ.”

“ಕ್ಲಚ್ ಒತ್ತದೆ ಸ್ಟಾರ್ಟ್ ಆಗಬಾರದಲ್ಲ?” ಎಂದು ಅಮ್ಮ ಮೆಲ್ಲನೆ ಕೇಳಿದಳು. “ಅದಕ್ಕೊಂದು ಸ್ವಿಚ್ ಇರುತ್ತಲ್ಲ?”

ಮಾಮ ತಲೆ ಕೆರೆದುಕೊಂಡ. “ಸದ್ಯಕ್ಕೆ ಎರಡು ವೈರ್ ಸೇರಿಸಿ ಟೇಪ್ ಸುತ್ತಿದ್ದೆ. ನಾಳೆ ಹಾಕಿದ್ರಾಯ್ತು ಅಂತ.”

ಅಮ್ಮ ಕಾರಿನ ಬಳಿ ಬಂದು ಒಳಗೆ ನೋಡಿದಳು. ಮೂರನೇ ಪೆಡಲನ್ನು ತುಂಬ ಹೊತ್ತು ನೋಡಿದಳು. ಅಮ್ಮ ಕೂಗಾಡುವವಳಲ್ಲ. ಸಿಟ್ಟು ಬಂದಷ್ಟೂ ಅವಳ ದನಿ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಸಪಾಟಾಗುತ್ತಿತ್ತು.

“ಈ ಕಾರು ಯಾರದು?”

“ನಿಂದೇ ಅಕ್ಕ.”

“ನನ್ನ ಕೇಳಿದ್ಯಾ?”

“ರಿಪೇರಿ ಮಾಡು ಅಂದಿದ್ದು ನೀನೇ ತಾನೆ?”

“ಇದು ರಿಪೇರಿನಾ?”

“ರಿಪೇರಿನೇ ಅಕ್ಕ. ಸ್ವಲ್ಪ ಬೇರೆ ಥರ.”

“ಅಳಿಯ ಅಲ್ಲ, ಮಗಳ ಗಂಡ,” ಎಂದಳು ಅಮ್ಮ.

ಮೆಣಸಿಗೆ ಹೊಟ್ಟೆ ತಣ್ಣಗಾಯಿತು. ಬೇಕು ಮಾಮನಿಗೆ, ಇನ್ನೂ ಸ್ವಲ್ಪ ಬೇಕು. ಅವಳು ಅಮ್ಮನ ಪಕ್ಕಕ್ಕೆ ಬಂದು ನಿಂತಳು.

“ನೋಡು ಮಾಮ, ಅಮ್ಮನ ಕಾಲು ಮಡಚೋದೇ ಇಲ್ಲ. ಅವಳಿಗೆ ಕ್ಲಚ್ ಒತ್ತೋಕೇ ಆಗಲ್ಲ. ಈ ಕಾರು ಓಡಿಸೋಕೆ ಅವಳ ಕೈಲಿ ಆಗೋದೇ ಇಲ್ಲ.”

ಅಮ್ಮ ತಿರುಗಿದಳು.

“ಆಗಲ್ಲ ಅಂತ ನಿನಗೆ ಯಾರು ಹೇಳಿದ್ರು?”

ಅದೇ ಸಪಾಟು ದನಿ, ಈ ಸಲ ಮೆಣಸಿನ ಕಡೆಗೆ.

“ನಾನು... ನಿನ್ನ ಪರವಾಗಿ ಅಲ್ವಾ ಅಮ್ಮ ಹೇಳಿದ್ದು?”

“ನನ್ನ ಕಾಲು ಕೆಟ್ಟಿದೆ. ನಾಲಿಗೆ ನೆಟ್ಟಗಿದೆ.” ಅಮ್ಮ ಕೋಲಿನ ತುದಿಯಿಂದ ಗಂಟುಗಳನ್ನು ತೋರಿಸಿದಳು. “ಹೋಗಿ, ಇಬ್ರೂ. ಅದನ್ನ ತೊಳೀರಿ.”

ಹಿತ್ತಲಿನ ತೊಟ್ಟಿಯಲ್ಲಿ ಬಿಸಿನೀರು, ಸೋಪಿನ ಪುಡಿ. ಮಾಮ ಒಂದು ಕಡೆ, ಮೆಣಸು ಇನ್ನೊಂದು ಕಡೆ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಣ್ಣೆಯ ಕಲೆ ಉಜ್ಜಿದಷ್ಟೂ ಅಗಲವಾಗುತ್ತಿತ್ತು.

“ನಿನ್ನಿಂದ,” ಎಂದಳು ಮೆಣಸು.

“ನಿನ್ನಿಂದ,” ಎಂದ ಮಾಮ.

ಆಗ ಶೆಡ್ಡಿನಲ್ಲಿ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಇಬ್ಬರ ಕೈಯೂ ನಿಂತಿತು. ಆಮೇಲೆ ಅಮ್ಮನ ಉಸಿರು ಕೇಳಿಸಿತು, ಭಾರ ಎತ್ತುವವರ ಉಸಿರಿನ ಹಾಗೆ. ಒಂದು ಸಲ. ಸ್ವಲ್ಪ ಬಿಟ್ಟು, ಮತ್ತೊಂದು ಸಲ. “ಥೂ ನಿನ್ನ,” ಎಂದು ಅಮ್ಮ ಯಾರಿಗೋ ಬೈದದ್ದೂ ಕೇಳಿಸಿತು. ಪೆಡಲಿಗೋ, ಕಾಲಿಗೋ, ತಮ್ಮನಿಗೋ.

ಮಾಮ ಎದ್ದ. “ಹೋಗಿ ಅಕ್ಕನ್ನ ಹಿಡ್ಕೋತೀನಿ.”

ಮೆಣಸು ಒದ್ದೆ ಕೈಯಲ್ಲೇ ಅವನ ಅಂಗಿ ಹಿಡಿದಳು. ಅವಳಿಗೂ ಓಡಬೇಕು ಅನಿಸುತ್ತಿತ್ತು. ಕಾಲು ಆಗಲೇ ಅರ್ಧ ಎದ್ದಿತ್ತು.

“ಕರೀಲಿಲ್ಲ ಅವಳು,” ಎಂದಳು.

ಮಾಮ ಅವಳನ್ನು ನೋಡಿದ. ಮತ್ತೆ ಕುಕ್ಕರುಗಾಲಿನಲ್ಲಿ ಕೂತ. ಇಬ್ಬರೂ ಉಜ್ಜತೊಡಗಿದರು.

“ಲೋ ಮೆಕ್ಯಾನಿಕ್ಕು,” ಎಂದು ಕೊನೆಗೆ ಅಮ್ಮ ಕೂಗಿದಳು. “ಬಾ ಇಲ್ಲಿ.”

ಅಮ್ಮನ ಹಣೆಯಲ್ಲಿ ಬೆವರಿತ್ತು. “ಈ ಪೆಡಲ್ ಎತ್ತರ ಆಯ್ತು. ನನ್ನ ಕಾಲಿಗೆ ಒತ್ತೋದು ಕಷ್ಟ ಅಲ್ಲ, ಅಷ್ಟು ಮೇಲಕ್ಕೆ ಎತ್ತೋದು ಕಷ್ಟ. ಕೆಳಗೆ ಬರುತ್ತಾ?”

“ಒಂದು ಬೆರಳಷ್ಟು ಬರುತ್ತೆ. ಬೋಲ್ಟ್ ಇದೆ.” ಮಾಮ ತಡವರಿಸಿದ. “ನಂಗೆ ಗೊತ್ತೇ ಆಗಲಿಲ್ಲ ಅಕ್ಕ, ಒತ್ತೋಕೆ ಆಗುತ್ತೆ ಅಂತ.”

“ಹೇಗೆ ಗೊತ್ತಾಗುತ್ತೆ? ಈ ಕಾಲು ಮುರಿಯೋ ಮೊದ್ಲು ನಿನಗೆ ಗೇರ್ ಗಾಡಿ ಕಲಿಸಿದ್ದು ಯಾರು, ಅದೂ ಮರೆತಿದ್ಯಾ?”

ಮಾಮ ಬಗ್ಗಿ ಸ್ಪ್ಯಾನರ್ ಎತ್ತಿಕೊಂಡ.

“ಬೆರಳಷ್ಟು ಇಳಿಸು. ಆ ಸ್ವಿಚ್ಚೂ ಈಗ್ಲೇ ಹಾಕು. ನಾಳೆ ನೋಡ್ತೀನಿ. ನನಗೆ ಒಗ್ಗಲಿಲ್ಲ ಅಂದ್ರೆ ಹಳೇ ಥರದ್ದೇ ಹುಡುಕಿ ತರ್ಬೇಕು. ಎಷ್ಟು ಚಪ್ಪಲಿ ಸವೆದ್ರೂ.”

“ಆಯ್ತಕ್ಕ.”

ಮರುದಿನ ಬೆಳಗ್ಗೆ ಅಮ್ಮ ಡ್ರೈವರ್ ಸೀಟಿನಲ್ಲಿ ಕೂತಳು. ಬೆಡ್‌ಶೀಟುಗಳು ಮತ್ತೆ ಬಿಳಿಯಾಗಿದ್ದವು, ಎರಡನ್ನು ಬಿಟ್ಟು. ಅಮ್ಮನ ಸಿಟ್ಟೂ ಇಳಿದಿರಲಿಲ್ಲ. ಮುಂದಿನ ಬಾಗಿಲಿಗೆ ಕೈ ಹಾಕಿದ ತಮ್ಮನಿಗೆ, “ಹಿಂದೆ. ಮಹಾರಾಜ ಥರ ಗಂಟು ಹಿಡ್ಕೊಂಡು ಕೂತ್ಕೋ,” ಎಂದಳು. ಮಾಮ ಹಿಂದೆ ಹೋಗಿ ಗಂಟುಗಳ ನಡುವೆ ತೂರಿಕೊಂಡ.

ಮೆಣಸು ಅಮ್ಮನ ಪಕ್ಕದ ತೆರೆದ ಬಾಗಿಲ ಬಳಿ ನಿಂತಿದ್ದಳು. ಮಾಮ ಸ್ವಿಚ್ ಕೂರಿಸಿದ್ದ. ಇನ್ನು ಕ್ಲಚ್ ಒತ್ತಿದರೆ ಮಾತ್ರ ಸ್ಟಾರ್ಟ್. ಅವಳ ಕಾಲು ಆ ಪೆಡಲಿಗೆ ಎಟುಕುತ್ತಿರಲಿಲ್ಲ.

ಅಮ್ಮ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದಿದ್ದಳು. ಕೀಗೆ ಕೈ ಹಾಕಲಿಲ್ಲ. ಅದನ್ನು ನೋಡಿ ಮೆಣಸು ಬಗ್ಗಿ ಕೈ ಚಾಚಿದಳು. ಬೆರಳು ಅಭ್ಯಾಸದಂತೆ ಕೀ ಹಿಡಿಯಿತು. ಅಲ್ಲೇ ನಿಂತಿತು.

“ಅಮ್ಮ, ತಿರುಗಿಸ್ಲಾ?”

“ಇನ್ನೂ ಇಲ್ಲ.”

ಅಮ್ಮನ ಎಡಗಾಲು ನೆಲದಿಂದ ಎದ್ದಿತು, ನಡುಗಿತು, ಪೆಡಲಿನ ಅಂಚಿಗೆ ತಾಗಿ ಜಾರಿತು. ‘ಬಿಡಮ್ಮ, ಮಾಮ ಓಡಿಸಲಿ’ ಎಂಬ ಮಾತು ಮೆಣಸಿನ ಬಾಯಿಗೆ ಬಂತು. ನುಂಗಿಕೊಂಡಳು. ಹಿಂದೆ ಮಾಮನೂ ಬಟ್ಟೆ ಗಂಟನ್ನು ಗಟ್ಟಿಯಾಗಿ ಅಪ್ಪಿಕೊಂಡು, ತುಟಿ ಕಚ್ಚಿ ಕೂತಿದ್ದ.

ಕಾಲು ಮತ್ತೆ ಎದ್ದಿತು. ಪೆಡಲಿನ ಮೇಲೆ ಕೂತಿತು. ನಿಧಾನವಾಗಿ, ನಿಧಾನವಾಗಿ, ತಳದವರೆಗೆ ಇಳಿಯಿತು.

“ಹೂಂ,” ಎಂದಳು ಅಮ್ಮ. “ಈಗ.”

ಮೆಣಸು ಕೀ ತಿರುಗಿಸಿದಳು. ಕಾರು ಎಚ್ಚರವಾಯಿತು. ನಿಂತ ಜಾಗದಿಂದ ಒಂದಿಷ್ಟೂ ಕದಲಲಿಲ್ಲ.